ಹಿಲ್ಡಾಬಾಯಿಯ ಹಾಡು, ನನ್ನ ಕ್ಯಾಸೆಟ್ ಕಾಗದ

ದಿಶಾ, ನಿಹಾಲ್,

ಹೋದ ಚಳಿಗಾಲ ಕುವೈತಿಗೆ, ನಿಮ್ಮ ಮನೆಗೆ ಬಂದಿದ್ದಾಗ ಒಂದು ಸಂಜೆ ನಾವು ಮೂವರೂ ಸಾಲ್ಮಿಯಾದ ಕಡಲ ಬದಿಯಿಂದ ನಡೆದು ಬರುತ್ತಿದ್ದೆವು. ತಿರುವಿನಲ್ಲಿ ಒಂದು ಸಣ್ಣ ಲಾಂಡ್ರಿಯ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಬಂಗಾಳಿ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ. ಹಬೆ, ಗಂಜಿ, ಬಿಸಿಯಾದ ಹತ್ತಿಬಟ್ಟೆ, ಈ ಮೂರೂ ಸೇರಿದ ವಾಸನೆ ಬೀದಿಗೆ ಬಂತು. ನಾನು ಅಲ್ಲೇ ನಿಂತುಬಿಟ್ಟೆ. "ಅಜ್ಜೀ, ಆರ್ ಯು ಓಕೆ?" ಎಂದು ದಿಶಾ ನನ್ನ ಕೈ ಹಿಡಿದಳು. ಕಾಲು ನೋವು ಎಂದು ಹೇಳಿದೆ. ಅದು ಸುಳ್ಳು.

ಅದೇ ವಾರ ನಿಮ್ಮ ಅಪ್ಪ ನನ್ನ ಹಳೆಯ ಕ್ಯಾಸೆಟ್ಟೊಂದನ್ನು ಯಾರಿಂದಲೋ ಫೋನಿಗೆ ಹಾಕಿಸಿ ತಂದಿದ್ದ. ನನ್ನ ಆಗಿನ ಸಣ್ಣ ಸ್ವರ ಕೇಳಿ ನೀವಿಬ್ಬರೂ ನಕ್ಕಿರಿ. ಮಾತು ಮುಗಿದು ಒಂದು ಟಕ್ ಶಬ್ದವಾಗಿ ಹಾಡು ಬಂತು. ನಿಮ್ಮ ನಗು ನಿಂತಿತು. "ಅಜ್ಜೀ, ಇದು ನೀನಾ?" ಎಂದು ನಿಹಾಲ್ ಕನ್ನಡದಲ್ಲೇ ಕೇಳಿದ. ನಾನು ಚಹಾ ಮಾಡುತ್ತೇನೆಂದು ಎದ್ದು ಹೋದೆ.

ಎದುರು ಕುಳಿತು ಹೇಳಲು ನನಗೆ ಮೊದಲಿನಿಂದಲೂ ಬರುವುದಿಲ್ಲ. ಬರೆಯಲು ಬರುತ್ತದೆ. ನಾನು ಕಲಿತದ್ದು ನಮ್ಮೂರ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಆ ಕನ್ನಡದಲ್ಲೇ ಬರೆಯುತ್ತೇನೆ. ಓದಲು ಕಷ್ಟವಾದರೆ ಅಪ್ಪ ಓದಿ ಹೇಳಲಿ. ಇದರಲ್ಲಿ ಅವನಿಗೂ ಗೊತ್ತಿಲ್ಲದ ಸಂಗತಿಗಳಿವೆ.

ಆಗ ಕುವೈತಿನಲ್ಲಿ ಯುದ್ಧ ಮುಗಿದು ಐದು ವರ್ಷ ದಾಟಿತ್ತು. ನಿಮ್ಮ ಅಜ್ಜ ಅಲ್ಲಿ ರಾಯ್ ಎಂಬ ಕಡೆ ಒಂದು ಸೋಫಾ ಅಂಗಡಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ನಾನು ನಿಮ್ಮ ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಎರಡನೆಯ ವರ್ಷ. ಸಾಲ್ಮಿಯಾದ ಹಿಂದಿನ ಬೀದಿಯಲ್ಲಿ, ಲಿಫ್ಟು ಕೆಟ್ಟ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಫ್ಲ್ಯಾಟು. ಒಂದು ಕೋಣೆ ನಮ್ಮದು, ಇನ್ನೊಂದು ಕೋಣೆ ಹಿಲ್ಡಾಬಾಯಿಯದು. ಅಡುಗೆಮನೆ, ಬಚ್ಚಲು, ಫ್ರಿಜ್ಜು, ಟೇಪ್ ರೆಕಾರ್ಡರು ಎರಡೂ ಕಡೆಗೆ ಸೇರಿದ್ದು. ಅಲ್ಲಿ ಆಗ ಬಹಳ ಮಂದಿ ಹೀಗೆಯೇ ಇದ್ದರು.

ಹಿಲ್ಡಾಬಾಯಿ ಶಿರ್ವದ ಕಡೆಯ ಕ್ರಿಶ್ಚಿಯನ್ ಹೆಂಗಸು. ವಯಸ್ಸು ಐವತ್ತೆಂಟರ ಹತ್ತಿರ. ಎತ್ತರದ ಆಳು, ಕತ್ತಿನವರೆಗೆ ಕತ್ತರಿಸಿದ ಕೂದಲು. ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಹಾಸಿಗೆಬಟ್ಟೆಗಳ ಕೋಣೆ ಅವರ ಉಸ್ತುವಾರಿಯಲ್ಲಿತ್ತು. ಚಾದರ ಎಣಿಸುವುದು, ಒಗೆಸುವುದು, ಇಸ್ತ್ರಿ ಹಾಕಿಸುವುದು. ಆ ಕೆಲಸಕ್ಕೂ ಲಿಪ್‌ಸ್ಟಿಕ್ ಹಚ್ಚಿಕೊಂಡು, ಕಿವಿಗೆ ಮುತ್ತು ಹಾಕಿಕೊಂಡು ಹೋಗುತ್ತಿದ್ದರು. "ಚಾದರಕ್ಕೆ ಕಣ್ಣಿಲ್ಲ, ನಂಗೊತ್ತುಂಟು. ಆದ್ರೆ ನನಗೆ ಉಂಟಲ್ಲ, ಸುಮತಿ?" ಎನ್ನುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಹೆಚ್ಚಾಗಿ ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಅವರು ಹಾಡುಗಾರ್ತಿ ಎಂದು ನನಗೆ ಗೊತ್ತಾದದ್ದು ಒಂದು ದಿನ ಬಂಗುಡೆ ಮೀನು ಕೊಯ್ಯುವಾಗ. ಅವರ ಡಬ್ಬಿಯಲ್ಲಿ ಕಾಳುಮೆಣಸು ಯಾವಾಗಲೂ ತುಂಬಿರುತ್ತಿತ್ತು, ಎರಡೆರಡೇ ಬಾಯಿಗೆ ಹಾಕಿ ಅಗಿಯುತ್ತಿದ್ದರು. ಕೆಮ್ಮಾ ಎಂದು ಕೇಳಿದೆ. "ಕೆಮ್ಮಲ್ಲ ಮಾರಾಯ್ತಿ, ಅಭ್ಯಾಸ. ಮೂವತ್ತು ವರ್ಷ ಈ ಗಂಟಲಿಂದಲೇ ಊಟ ಮಾಡಿದವಳು ನಾನು" ಎಂದರು. ನಾನು ಅರ್ಥವಾಗದೆ ನೋಡಿದ್ದಕ್ಕೆ ಕತ್ತಿ ಕೆಳಗಿಟ್ಟು ಹೇಳತೊಡಗಿದರು.

ಹದಿನಾರಕ್ಕೆ ಚಿಕ್ಕಮ್ಮನ ಜೊತೆ ಬೊಂಬಾಯಿಗೆ ಹೋಗಿ ಒಂದು ಪಾರ್ಸಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಆ ಮನೆಯ ಮುದುಕರ ಹತ್ತಿರ ಒಂದು ಕಪಾಟಿನ ತುಂಬ ರೆಕಾರ್ಡುಗಳು. ಮಧ್ಯಾಹ್ನ ಅವರು ಕೇಳುತ್ತಿದ್ದದ್ದು ಅಮೆರಿಕದ ಕಪ್ಪು ಹೆಂಗಸರ ಹಾಡು. ಆ ಹಾಡಿಗೆ ಬ್ಲೂಸ್ ಎಂದು ಹೆಸರು. ಹಿಂದೆ ಹತ್ತಿಯ ಹೊಲಗಳಲ್ಲಿ ದುಡಿದ ಜನರಿಂದ ಬಂದದ್ದಂತೆ. ಹಿಲ್ಡಾಬಾಯಿ ಗೋಡೆಯ ಈಚೆ ಮೇಜು ಒರೆಸುತ್ತ ಕೇಳಿಸಿಕೊಂಡರು. ಇಂಗ್ಲಿಷ್ ಬರುತ್ತಿರಲಿಲ್ಲ, ಶಬ್ದಕ್ಕೆ ಶಬ್ದ ನುಂಗಿ ಕಲಿತರು. ಯಾರದೋ ಮದುವೆಯಲ್ಲಿ ಹಾಡಿದ್ದನ್ನು ಗೋವಾದ ಬ್ಯಾಂಡಿನವರೊಬ್ಬರು ಕೇಳಿ ಹೋಟೆಲಿಗೆ ಕರೆದುಕೊಂಡು ಹೋದರು. ಅಲ್ಲಿಂದ ಮುಂದೆ ಬೊಂಬಾಯಿ, ಬಹರೈನ್, ಆಮೇಲೆ ಕುವೈತು. ಅಲ್ಲಿಯ ಒಂದು ಹೋಟೆಲಿನಲ್ಲಿ ಎಂಟು ವರ್ಷ, ಪಿಯಾನೋದಲ್ಲಿ ಬೋಸ್ಕೋ ಎಂಬವರು. ಬಾಗಿಲ ಬಳಿ ಹೂಕುಂಡದ ಪಕ್ಕ ಹಿಲ್ಡಾಬಾಯಿಯ ಫೋಟೋ ಇಡುತ್ತಿದ್ದರಂತೆ.

"ಊರಲ್ಲಿ ಏನಂದ್ರು?" ಎಂದು ಕೇಳಿದೆ.

"ಎಂತ ಹೇಳ್ತಾರೆ? ಹೋಟೆಲಲ್ಲಿ ಹಾಡುವವಳು ಅಂದ್ರೆ ಆಯ್ತಲ್ಲ. ಅಮ್ಮ ಸಾಯುವವರೆಗೆ ನನ್ನ ಒಂದು ಹಾಡು ಕೇಳ್ಲಿಲ್ಲ. ಕೇಳು ಅಂತ ನಾನೂ ಹೇಳ್ಲಿಲ್ಲ. ನಮ್ಮ ಕಡೆಯವರು ಒಬ್ಬರೂ ಕೇಳಿದ್ದಿಲ್ಲ ಸುಮತಿ."

ಆ ಹಾಡಿನಲ್ಲಿ ಒಂದು ಸಾಲು ಹೇಳಿ, ಮತ್ತೆ ಅದೇ ಸಾಲು ಹೇಳಿ, ಮೂರನೆಯದಕ್ಕೆ ಉತ್ತರ ಹೇಳುವುದು ಎಂದು ವಿವರಿಸಿದರು. ಎರಡು ಸಲ ಯಾಕೆ ಎಂದೆ. "ಹೆಂಗಸು ಒಂದು ಸಲ ಹೇಳಿದ್ರೆ ಯಾರು ನಂಬ್ತಾರೆ?" ಎಂದು ನಕ್ಕರು.

ಯುದ್ಧ ಬಂದಾಗ ಹೋಟೆಲಿನವರೆಲ್ಲ ಬಸ್ಸು ಹತ್ತಿ ಮರುಭೂಮಿ ದಾಟಿ ಜೋರ್ಡಾನಿಗೆ ಹೋದರು. ಬೋಸ್ಕೋ ದಾರಿಯಲ್ಲೇ ಕಾಯಿಲೆ ಬಿದ್ದು, ಬೊಂಬಾಯಿ ಮುಟ್ಟಿ ಒಂದು ವಾರದಲ್ಲಿ ತೀರಿಕೊಂಡರು. ಹಿಲ್ಡಾಬಾಯಿ ಆ ದಾರಿಯಲ್ಲಿ ತಂದದ್ದು ಉಟ್ಟ ಬಟ್ಟೆ, ಪಾಸ್‌ಪೋರ್ಟು, ರವಿಕೆಯೊಳಗೆ ಒಂದು ಕ್ಯಾಸೆಟ್ಟು. ಬೋಸ್ಕೋ ಹೋಟೆಲಿನಲ್ಲಿ ರೆಕಾರ್ಡ್ ಮಾಡಿದ್ದ ಅವರ ಎಂಟು ಹಾಡುಗಳು ಅದರಲ್ಲಿದ್ದವು. ಬೇರೆ ಎಲ್ಲಿಯೂ ಅವರ ಸ್ವರ ಉಳಿದಿರಲಿಲ್ಲ. ಯುದ್ಧ ಮುಗಿದ ಮೇಲೆ ಕ್ಲಿನಿಕ್ಕಿನ ಕೆಲಸ ಹಿಡಿದು ಮರಳಿ ಬಂದರು. ಹಾಡಲಿಲ್ಲ. "ಬಾಯಿ ತೆರೆದ್ರೆ ಗಾಳಿ ಮಾತ್ರ ಬರ್ತದೆ" ಎಂದರು.

ಈಗ ನನ್ನ ಸಂಗತಿ ಸ್ವಲ್ಪ ಹೇಳಬೇಕು. ನಿಮ್ಮ ಅಪ್ಪನ ನಂತರ ನನಗೆ ಇನ್ನೊಂದು ಮಗು ಆಗಬೇಕಿತ್ತು. ಆ ವರ್ಷದ ಆಗಸ್ಟಿನಲ್ಲಿ, ಹೊರಗೆ ಕಾಲಿಟ್ಟರೆ ಮುಖ ಸುಡುವ ಬಿಸಿಲಿನಲ್ಲಿ, ಐದನೆಯ ತಿಂಗಳಿಗೆ ಅದು ಹೋಯಿತು. ಹಿಲ್ಡಾಬಾಯಿಯ ಕ್ಲಿನಿಕ್ಕಿನಲ್ಲೇ ಮಲಗಿಸಿದ್ದರು. ಒಳಗೆ ಏಸಿಯ ಚಳಿ, ನನಗೆ ನಡುಕ ನಿಲ್ಲುತ್ತಿರಲಿಲ್ಲ. ಹಿಲ್ಡಾಬಾಯಿ ಹೋಗಿ, ಇಸ್ತ್ರಿಯಿಂದ ಆಗಷ್ಟೇ ತೆಗೆದ ಬಿಸಿ ಚಾದರವನ್ನು ತಂದು ನನ್ನ ಹೊಟ್ಟೆಯ ಮೇಲೆ ಹೊದಿಸಿದರು. ಆರಿದ ಕೂಡಲೇ ಇನ್ನೊಂದು. ಮಧ್ಯಾಹ್ನದಿಂದ ಸಂಜೆಯವರೆಗೆ ಎಷ್ಟು ಚಾದರ ತಂದರೋ. ಲಾಂಡ್ರಿಯ ಎದುರು ನಾನು ನಿಂತದ್ದು ಅದಕ್ಕೆ.

ನಿಮ್ಮ ಅಜ್ಜ, "ಅಮ್ಮನಿಗೆ ಈಗ ತಿಳಿಸುವುದು ಬೇಡ, ಅಷ್ಟು ದೂರದಲ್ಲಿ ಹೆದರುತ್ತಾರೆ" ಎಂದರು. ಸರಿ ಎಂದೆ. ಆಮೇಲೆ ನಾವಿಬ್ಬರೂ ಅದರ ಮಾತೇ ಎತ್ತಲಿಲ್ಲ.

ಅಕ್ಟೋಬರಿನಲ್ಲಿ ಗಾಳಿ ಸ್ವಲ್ಪ ತಣ್ಣಗಾದಾಗ ಹಿಲ್ಡಾಬಾಯಿ ಒಂದು ಸಂಜೆ ಮೆಟ್ಟಿಲು ಓಡಿಕೊಂಡು ಬಂದರು. ಕಡಲ ಬದಿಯ ಒಂದು ಹೋಟೆಲಿನ ಲೆಬನಾನಿ ಮ್ಯಾನೇಜರು, ಹಿಂದೆ ಅವರ ಹಾಡು ಕೇಳಿದ್ದವನು, ಕ್ಲಿನಿಕ್ಕಿಗೆ ಹಲ್ಲು ನೋವಿಗೆ ಬಂದಿದ್ದನಂತೆ. ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಪಿಯಾನೋ ಜೊತೆ ಹಾಡುವವರು ಬೇಕು, ಡಿಸೆಂಬರ್ ಮೊದಲ ವಾರಕ್ಕೆ ಸರಿಯಾಗಿ ನಿಮ್ಮ ಟೇಪ್ ತನ್ನಿ, ಮಾಲೀಕರಿಗೆ ಕೇಳಿಸಬೇಕು ಎಂದಿದ್ದ.

"ಸ್ವರ ಬರುದಿಲ್ಲ ಅಂದ್ರಲ್ಲ, ಬಾಯಿ?"

"ಟೇಪು ನನ್ನನ್ನು ಬಾಗಿಲ ಒಳಗೆ ಹಾಕ್ಲಿ. ಒಳಗೆ ಹೋದ ಮೇಲೆ ಬರ್ತದೆ. ಬರ್ಲೇಬೇಕು. ಚಾದರ ಎಣಿಸಿಕೊಂಡೇ ಸಾಯುವ ಮನಸ್ಸಿಲ್ಲ ನನಗೆ." ಆ ರಾತ್ರಿ ಅವರು ಟೇಪ್ ರೆಕಾರ್ಡರನ್ನು ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡು ಕೇಳಿದರು. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಹೋದರು.

ಅದೇ ದಿನ ಮಧ್ಯಾಹ್ನ ನಮ್ಮ ಬೀದಿಯ ಕ್ಯಾಂಟೀನಿನಲ್ಲಿದ್ದ ನಮ್ಮೂರ ಕಡೆಯ ಸದಾಶಿವಣ್ಣ ಒಂದು ತಿಂಗಳ ರಜೆಗೆ ಊರಿಗೆ ಹೊರಟಿದ್ದರು. ಊರಿಗೆ ಹೋಗುವವರ ಕೈಯಲ್ಲಿ ಎಲ್ಲರೂ ಪೊಟ್ಟಣ, ಕಾಗದ ಕೊಡುವುದು ವಾಡಿಕೆ. ನನ್ನ ಅತ್ತೆಗೆ, ಅಂದರೆ ಅಜ್ಜನ ಅಮ್ಮನಿಗೆ, ಓದಲು ಬರುತ್ತಿರಲಿಲ್ಲ. ಅದಕ್ಕೆ ನಾವು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದೆವು. ಆಗ ಹಾಗೆ ಕಳಿಸುವವರು ಬಹಳ. ಹೊಸ ಕ್ಯಾಸೆಟ್ ಯಾರೂ ತರುತ್ತಿರಲಿಲ್ಲ, ಕೇಳಿ ಹಳತಾದ ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮೇಲೆಯೇ ಮಾತು ತುಂಬುವುದು. ಅಂಗಡಿಯ ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲಿ ಸಣ್ಣ ತೂತು ಇರುತ್ತದೆ, ಇದ್ದರೆ ರೆಕಾರ್ಡ್ ಗುಂಡಿ ಕೆಳಗೆ ಹೋಗುವುದಿಲ್ಲ. ಕಾಗದದ ಉಂಡೆ ಮಾಡಿ ತುರುಕಿದರೆ ಹೋಗುತ್ತದೆ. ಇದನ್ನು ನನಗೆ ಕಲಿಸಿದ್ದು ನಿಮ್ಮ ಅಜ್ಜ.

ಇವರ ಎದುರು ಟೇಪಿಗೆ ಮಾತಾಡಲು ನನಗೆ ನಾಚಿಕೆ. ಮನೆ ಖಾಲಿಯಾಗುವುದನ್ನು ಕಾಯುತ್ತಿದ್ದೆ. ಅಂದು ಟೇಪ್ ರೆಕಾರ್ಡರಿನ ಒಳಗೇ ಒಂದು ಕ್ಯಾಸೆಟ್ ಇತ್ತು. ಚೀಟಿ ಅಳಿಸಿಹೋಗಿತ್ತು, ಮೂಲೆಯಲ್ಲಿ ತೂತು ಇತ್ತು. ಇವರು ತೆಗೆದಿಟ್ಟ ಹಳೆಯದು ಎಂದುಕೊಂಡೆ. ಪತ್ರಿಕೆಯ ಅಂಚು ಹರಿದು ಉಂಡೆ ಮಾಡಿ ಎರಡೂ ತೂತಿಗೆ ತುರುಕಿದೆ. ನಲ್ಲಿಯ ನೀರು ಬಿಟ್ಟುಕೊಂಡು, ಪಕ್ಕದ ಮನೆಗೆ ಕೇಳದಂತೆ, ಕಾಲು ಗಂಟೆ ಮಾತಾಡಿದೆ. ನಾನು ಚೆನ್ನಾಗಿದ್ದೇನೆ, ಇವರು ಚೆನ್ನಾಗಿದ್ದಾರೆ, ಮಗ ಶಾಲೆಗೆ ಹೋಗುತ್ತಾನೆ, ಇಲ್ಲಿ ಎಲ್ಲ ಸೌಖ್ಯ, ನೀವು ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳಿ. ಕೆಳಗೆ ಸದಾಶಿವಣ್ಣನ ಹಾರ್ನ್ ಕೇಳಿತು. ಟಕ್ಕೆಂದು ನಿಲ್ಲಿಸಿ, ಪೊಟ್ಟಣಕ್ಕೆ ಹಾಕಿ, ಓಡಿ ಹೋಗಿ ಕೊಟ್ಟೆ.

ಸಂಜೆ ಹಿಲ್ಡಾಬಾಯಿ ಬಂದು ಕಟ್ಟೆ ನೋಡಿದರು. ಟೇಪ್ ರೆಕಾರ್ಡರು ತೆರೆದು ನೋಡಿದರು. ಕೋಣೆಯ ಟ್ರಂಕು ಬುಡಮೇಲು ಮಾಡಿದರು. ಅಕ್ಕಿಯ ಡ್ರಮ್ಮಿನಲ್ಲಿ ಕೈ ಹಾಕಿ ನೋಡಿದರು. "ಹೇಗಿತ್ತು ಬಾಯಮ್ಮ, ಅದು?" ಎಂದು ಇವರು ಟಾರ್ಚು ಹಿಡಿದು ಮಂಚದ ಅಡಿಗೆ ಬಗ್ಗಿದರು.

"ಚೀಟಿ ಅಳಿಸಿಹೋಗಿದೆ. ಬೋಸ್ಕೋ ಅದರ ಮೇಲಿನ ಎರಡು ಮೂಲೆ ಮುರಿದಿದ್ದ. ಯಾರೂ ಗೊತ್ತಿಲ್ಲದೆ ಅದರ ಮೇಲೆ ರೆಕಾರ್ಡ್ ಮಾಡಬಾರದು ಅಂತ."

ನನ್ನ ಕೈಯಲ್ಲಿ ಸೌಟು ಇತ್ತು. ಆ ದಿನ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಅವರು ಕ್ಲಿನಿಕ್ಕಿನ ಚಾದರದ ರಾಶಿಗಳಲ್ಲೂ ಹುಡುಕಿದರಂತೆ. ಮೂರನೆಯ ದಿನ ಅವರು ಒಲೆಯ ಹತ್ತಿರ ನಿಂತಿದ್ದಾಗ ಬೆನ್ನಿಗೆ ಹೇಳಿದೆ. "ಬಾಯಿ, ನಾನು ಅದರ ಮೇಲೆ ಮಾತಾಡಿ ಊರಿಗೆ ಕಳಿಸಿದೆ."

ಅವರು ತಿರುಗಲಿಲ್ಲ. "ಮೂಲೆ?" ಎಂದು ಕೇಳಿದರು.

"ಕಾಗದ ತುರುಕಿದೆ."

ಗ್ಯಾಸು ಆರಿಸಿ ಕೋಣೆಗೆ ಹೋದರು. ಮರುದಿನ ನೋಡಿದರೆ ಅವರ ಕಾಳುಮೆಣಸಿನ ಡಬ್ಬಿ ನಮ್ಮ ಶೆಲ್ಫಿನಲ್ಲಿ ಇರಲಿಲ್ಲ, ಕಿಟಕಿಯ ಮೇಲೆ ಒಂಟಿಯಾಗಿ ಕೂತಿತ್ತು. ತಮ್ಮ ತಟ್ಟೆ ಮಾತ್ರ ತೊಳೆಯುತ್ತಿದ್ದರು. ಒಂಬತ್ತು ದಿನ ನನ್ನೊಡನೆ ಒಂದು ಮಾತಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಬಿಸಿ ಚಾದರ ತಂದುಕೊಟ್ಟ ಕೈಗೆ ನಾನು ಮಾಡಿದ್ದು ಇದು ಎಂದು ಅನ್ನ ಇಳಿಯುತ್ತಿರಲಿಲ್ಲ. ಮ್ಯಾನೇಜರು ಹೇಳಿದ ದಿನ ಹತ್ತಿರವಾಗುತ್ತಿತ್ತು.

ಶುಕ್ರವಾರ ಇವರು ಫೋನಿನ ಅಂಗಡಿಗೆ ಹೋಗಿ ಊರಿಗೆ ಫೋನು ಮಾಡಿದರು. ಊರಿನ ನಮ್ಮ ಮನೆಯಲ್ಲಿ ಫೋನಿರಲಿಲ್ಲ, ರಸ್ತೆ ಬದಿಯ ಅಂಗಡಿಗೆ ಮಾಡಿದರೆ ಕರೆದು ಕೊಡುತ್ತಿದ್ದರು. ಇವರು ಮರಳಿ ಬರುವವರೆಗೆ ನಾನು ಅಡುಗೆಮನೆಯಲ್ಲೇ ನಿಂತಿದ್ದೆ. ಹಿಲ್ಡಾಬಾಯಿ ತಮ್ಮ ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಒಳಗೆ ಕೂತಿದ್ದರು.

ಇವರು ಬಂದು ಚಪ್ಪಲಿಯನ್ನೂ ಬಿಡದೆ ನನ್ನ ಮುಖ ನೋಡಿದರು. "ಸುಮತಿ, ನಿಂಗೆ ಇಲ್ಲಿ ಅಷ್ಟು ಕಷ್ಟ ಉಂಟಾ?"

"ಎಂತಾಯ್ತು?"

"ಅಮ್ಮ ಫೋನಲ್ಲಿ ಅಳುದು. ಅವಳನ್ನು ಊರಿಗೆ ಕಳಿಸು ವಾಸು ಅಂತ. ಮಾತಲ್ಲೆಲ್ಲ ಸೌಖ್ಯ ಸೌಖ್ಯ ಅಂತ ಹೇಳಿ ಕೊನೆಗೆ ಆ ಹುಡುಗಿ ಕುತ್ತಿಗೆ ಬಿಗಿದವರ ಹಾಗೆ ಹಾಡಿದ್ದಾಳೆ, ಅದೂ ಅರಬಿಯಲ್ಲಿ, ಯಾರಿಗೂ ಅರ್ಥ ಆಗಬಾರದು ಅಂತ. ನೀನು ಅವಳಿಗೆ ಎಂತ ಮಾಡಿದ್ದು, ಅಂತ ನನ್ನನ್ನು ಕೇಳ್ತಾರೆ!"

ಆದದ್ದು ಏನೆಂದು ನನಗೆ ಹೊಳೆಯಿತು. ನನ್ನ ಮಾತು ಕಾಲು ಗಂಟೆಗೆ ಮುಗಿದ ಮೇಲೆ ಟೇಪು ಓಡುತ್ತಲೇ ಇತ್ತು, ಅಳಿಸದೆ ಉಳಿದ ಹಿಲ್ಡಾಬಾಯಿಯ ಹಾಡು ನನ್ನ ಮಾತಿನ ಬೆನ್ನಿಗೇ ಬಂದಿತ್ತು.

ಕೋಣೆಯ ಬಾಗಿಲು ಪೂರ್ತಿ ತೆರೆಯಿತು. ಒಂಬತ್ತು ದಿನದ ನಂತರ ಮೊದಲ ಮಾತು. "ನನ್ನ ಸ್ವರವನ್ನು ಇವಳದ್ದು ಅಂತ ಹೇಳಿದ್ರಾ ನಿಮ್ಮ ಅಮ್ಮ? ಈ ಗುಬ್ಬಿಯದ್ದು? ಇವಳು ಜೋರಾಗಿ ಸೀನುದನ್ನು ಸಹ ನಾನು ಕೇಳಿದ್ದಿಲ್ಲ!"

"ಬಾಯಮ್ಮ, ಸಿಟ್ಟಾಗಬೇಡಿ. ಟೇಪು ಹಿಂದೆ ಕೊಡಿ ಅಂದೆ. ಕೊಡುದಿಲ್ಲ ಅಂತಾರೆ. ಬೆಳಿಗ್ಗೆ ಒಮ್ಮೆ, ದನ ಕಟ್ಟಿ ಬಂದು ಸಂಜೆ ಒಮ್ಮೆ ಹಾಕಿ ಕೇಳ್ತಾರಂತೆ. ನೆರೆಕರೆಯ ಹೆಂಗಸರೂ ಬಂದು ಕೂತ್ಕೊಳ್ತಾರಂತೆ."

ಹಿಲ್ಡಾಬಾಯಿ ಬೇರೆಯೇ ಸ್ವರದಲ್ಲಿ, ಮೆಲ್ಲಗೆ ಕೇಳಿದರು. "ದಿನಕ್ಕೆ ಎರಡು ಸಲ?"

"ಎರಡು ಸಲ."

"ಕಾರ್ಕಳದ ಹತ್ತಿರ ಅಲ್ವಾ ನಿಮ್ಮ ಮನೆ? ಶಿರ್ವಕ್ಕೆ ದೂರ ಇಲ್ಲ." ಇಷ್ಟು ಹೇಳಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಮೆಣಸಿನ ಡಬ್ಬಿ ನಮ್ಮ ಶೆಲ್ಫಿಗೆ ಮರಳಿತ್ತು.

ಇವರು ಮತ್ತೆ ಫೋನು ಮಾಡಿ, ಹಾಡಿದವರು ಬೇರೆ, ಅವರ ಹೊಟ್ಟೆಪಾಡು ಅದರಲ್ಲಿದೆ ಎಂದು ಅಂಗಡಿಯವನ ಕೈಯಲ್ಲಿ ಹೇಳಿಸಿದರು. ಸಂದೇಶ ಎಷ್ಟು ಮುಟ್ಟಿತೋ ತಿಳಿಯಲಿಲ್ಲ. ನವೆಂಬರ್ ಕೊನೆಗೆ, ಆ ವರ್ಷದ ಮೊದಲ ಮಳೆ ಬಂದು ಬೀದಿಯ ಧೂಳೆಲ್ಲ ಕೆಸರಾದ ದಿನ, ಸದಾಶಿವಣ್ಣ ರಜೆ ಮುಗಿಸಿ ಬಂದರು. ಹಪ್ಪಳ, ಕುಚ್ಚಲಕ್ಕಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಕ್ಯಾಸೆಟ್ಟು.

ನಾಲ್ಕು ಜನ ಅಡುಗೆಮನೆಯಲ್ಲಿ ನಿಂತೆವು. ಇವರು ಗುಂಡಿ ಒತ್ತಿದರು. ನಲ್ಲಿಯ ನೀರಿನ ಸದ್ದಿನ ಮೇಲೆ ನನ್ನ ಮಾತು ಬಂತು. ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ. ಎಷ್ಟು ಸಲ ಹೇಳಿದ್ದೆನೋ, ನನಗೇ ಕೇಳಲಾಗಲಿಲ್ಲ. ನಿಮ್ಮ ಅಜ್ಜ ನೆಲ ನೋಡುತ್ತಿದ್ದರು. ಟಕ್. ಹಾಡಿನ ಒಂದು ಸಾಲಿನ ನಡುವಿನಿಂದ ಹಿಲ್ಡಾಬಾಯಿಯ ಸ್ವರ ಎದ್ದು ಬಂತು. ಆ ಹಾಡನ್ನು ನೀವು ಕೇಳಿದ್ದೀರಿ. ನಾನು ಕೇಳಿದ್ದು ಅದೇ ಮೊದಲು. ಬಿಸಿ ಮಾಡಿದ ಬಟ್ಟೆಯ ಹಾಗಿತ್ತು. ಒಂದೂವರೆ ಹಾಡಿಗೆ ಆ ಬದಿ ಮುಗಿಯಿತು.

"ಇನ್ನೊಂದು ಬದಿಯಲ್ಲಿ ನಾಲ್ಕು ಉಂಟು. ಅದೇ ಒಳ್ಳೆಯದು, ಅದನ್ನೇ ಕೊಡ್ತೇನೆ" ಎಂದು ಹಿಲ್ಡಾಬಾಯಿ ಉಸಿರು ಬಿಟ್ಟು ತಾವೇ ತಿರುಗಿಸಿ ಹಾಕಿದರು.

ಬಂದದ್ದು ಕೊಕ್ಕರೆಗಳ ಕೂಗು, ನೀರಿನ ಚಳಚಳ, ದೂರದಲ್ಲಿ ಬಸ್ಸಿನ ಹಾರ್ನು. ಆಮೇಲೆ ನನ್ನ ಅತ್ತೆಯ ಸ್ವರ. "ಇದು ತಿರುಗ್ತಾ ಉಂಟಾ ಮೋಹನ?" ಇವರ ತಮ್ಮ ಮೋಹನ ಟೇಪ್ ರೆಕಾರ್ಡರಿಗೆ ಬ್ಯಾಟರಿ ಹಾಕಿ ಗದ್ದೆಯ ಹುಣಿಯ ಮೇಲೆ, ಅಂದರೆ ಬದುವಿನ ಮೇಲೆ, ಇಟ್ಟಿದ್ದ. ವರ್ಷದ ಎರಡನೆಯ ಬೆಳೆಯಾದ ಸುಗ್ಗಿಯ ನಾಟಿ ನಡೆಯುತ್ತಿತ್ತು. ನನ್ನ ಕಾಗದದ ಉಂಡೆ ಆ ಮೂಲೆಯಲ್ಲೂ ಇತ್ತಲ್ಲ. ಅವನು ಅತ್ತೆಯ ಉತ್ತರವನ್ನು ಆ ಬದಿಯ ಮೇಲೆಯೇ ರೆಕಾರ್ಡ್ ಮಾಡಿ, ಕೊನೆಯವರೆಗೆ ನಿಲ್ಲಿಸದೆ ಬಿಟ್ಟಿದ್ದ.

"ಅಯ್ಯೋ ದೇವರೇ" ಎಂದು ಸದಾಶಿವಣ್ಣ ತಲೆಗೆ ಕೈ ಇಟ್ಟರು. ನಿಲ್ಲಿಸಲು ಇವರು ಕೈ ಚಾಚಿದಾಗ ಹಿಲ್ಡಾಬಾಯಿ ತಡೆದರು. "ಇರ್ಲಿ. ಅವರು ಮಾತಾಡ್ತಿದ್ದಾರಲ್ಲ."

ಅತ್ತೆ ಹೇಳಿದ್ದು ಇಷ್ಟು. "ಸುಮತೀ, ನಿನ್ನ ಮಾತು ನಾನು ಒಂದೇ ಸಲ ಕೇಳಿದ್ದು. ಹಾಡು ದಿನಾ ಕೇಳ್ತೇನೆ. ಅದು ನೀನಲ್ಲ ಅಂತ ಅಂಗಡಿಯವ ಹೇಳಿದ. ಯಾರಾದರೂ ಆಗಲಿ, ನೀನು ಕಳಿಸಿದ್ದು ತಾನೇ? ಹೊಟ್ಟೆಯಲ್ಲಿದ್ದ ಮಗುವಿನ ಸುದ್ದಿ ನೀನು ಎತ್ತಲೇ ಇಲ್ಲ. ಹೆಂಗಸು ಹೀಗೆ ಹಾಡುವುದು ಯಾವಾಗ ಅಂತ ನನಗೆ ಗೊತ್ತುಂಟು. ವಾಸುವಿನ ಮೊದಲು ನನಗೂ ಎರಡು ಹೋಗಿವೆ ಮಗಾ. ಅವನಿಗೆ ನಾನು ಹೇಳಿಲ್ಲ, ಈಗ ಕೇಳಿಕೊಳ್ಳಲಿ. ನೀನು ಬಾಯಿ ಬಿಟ್ಟು ಅಳು. ಆ ಹೆಂಗಸಿಗೆ ಹೇಳು, ಹಾಡಿಗೆ ಎದುರು ಹಾಡು ಇಲ್ಲದೆ ಬಿಡಬಾರದು. ನಾನು ಹೇಳ್ತೇನೆ, ಕೇಳಲಿ."

ನನ್ನ ಅತ್ತೆ ನಾಟಿಯಲ್ಲಿ ಹಾಡು ಎತ್ತಿಕೊಡುವವರು. ಅವರು ಒಂದು ಸಾಲು ಹೇಳಿದರೆ ಗದ್ದೆಯ ಸಾಲಿನಲ್ಲಿ ಬಗ್ಗಿ ನೇಜಿ, ಅಂದರೆ ಭತ್ತದ ಸಸಿ, ನೆಡುವ ಹೆಂಗಸರೆಲ್ಲ "ಓ..." ಎಂದು ಎತ್ತಿಕೊಳ್ಳಬೇಕು. ಅಂದು ಅವರು ತಾವೇ ಕಟ್ಟಿ ಹಾಡಿದ್ದು ತುಳುವಿನಲ್ಲಿ. ಕಡಲಾಚೆ ಕೂತ ಕೊಕ್ಕರೆಯೇ, ರೆಕ್ಕೆ ಒದ್ದೆಯಾಯಿತೇ, ಇಲ್ಲಿ ಬಿಸಿಲಿದೆ, ಬಂದು ಒಣಗಿಸಿಕೋ. ಎಪ್ಪತ್ತರ ಹತ್ತಿರದ ಸ್ವರ, ಅಲ್ಲಲ್ಲಿ ಒಡೆಯುತ್ತಿತ್ತು. ಒಡೆದಲ್ಲಿ ಹೆಂಗಸರ "ಓ" ಬಂದು ಹಿಡಿದುಕೊಳ್ಳುತ್ತಿತ್ತು.

ನನಗೆ ಆಗ ಅಳು ಬಂತು. ಆಗಸ್ಟಿನಿಂದ ಬಾರದೆ ಇದ್ದದ್ದು. ನಿಮ್ಮ ಅಜ್ಜ ಸದಾಶಿವಣ್ಣನ ಎದುರೇ ನನ್ನ ಹೆಗಲು ಹಿಡಿದು ನಿಂತರು. ಸದಾಶಿವಣ್ಣ ಹಪ್ಪಳದ ಕಟ್ಟನ್ನು ಸುಮ್ಮನೆ ಬಿಚ್ಚಿ ಕಟ್ಟುತ್ತಿದ್ದರು.

ಹಿಲ್ಡಾಬಾಯಿ ಹಿಂದೆ ಸುತ್ತಿ ಮತ್ತೆ ಕೇಳಿದರು. ಮೂರು ಸಲ. "ತಾಳಕ್ಕೆ ಎಂತ ಉಂಟು ಅಲ್ಲಿ?" ಎಂದು ಕೇಳಿದರು. ಏನೂ ಇಲ್ಲ, ನೆಡುವ ಕೈಯೇ ತಾಳ ಎಂದೆ. ನಾಲ್ಕನೆಯ ಸಲ ಅತ್ತೆಯ ಸಾಲು ಮುಗಿದು "ಓ" ಬರುವ ಜಾಗದಲ್ಲಿ ಒಂದು ದಪ್ಪನೆಯ ಸ್ವರ ಕೇಳಿತು. ಟೇಪಿನಿಂದ ಎಂದುಕೊಂಡೆ. ಅಲ್ಲ. ಹಿಲ್ಡಾಬಾಯಿ ಫ್ರಿಜ್ಜಿಗೆ ಒರಗಿ, ಕಣ್ಣು ಮುಚ್ಚಿ, ಆ ಹೆಂಗಸರ ಜೊತೆ "ಓ" ಎನ್ನುತ್ತಿ­ದ್ದರು. ಮೊದಲು ಗಾಳಿ, ಆಮೇಲೆ ಕೆರೆತ, ಆಮೇಲೆ ಸ್ವರ.

"ನಿನ್ನ ಮಂದಿ ನನ್ನ ಮೂವತ್ತು ವರ್ಷ ಅಳಿಸಿ ಹಾಕಿದ್ರು ನೋಡು" ಎಂದರು ಟೇಪು ನಿಂತ ಮೇಲೆ. ಕಣ್ಣಿನಲ್ಲಿ ನೀರು, ಬಾಯಲ್ಲಿ ನಗು. "ಅತ್ತೆ ಒಂದು ಬದಿ, ಸೊಸೆ ಒಂದು ಬದಿ."

ಮ್ಯಾನೇಜರಿನ ಹತ್ತಿರ ಅವರು ಕ್ಯಾಸೆಟ್ ಒಯ್ದರು. ಮೇಜಿನ ಮೇಲೆ ಇಟ್ಟು, ಇದರಲ್ಲಿ ನನ್ನದು ಒಂದೂವರೆ ಹಾಡು, ಬಾಕಿ ನಮ್ಮ ಮನೆಯವರದು, ಕೇಳುವುದಿದ್ದರೆ ನನ್ನನ್ನೇ ಕೇಳಿ ಎಂದು ಅಲ್ಲೇ ನಿಂತು ಹಾಡಿದರಂತೆ. ಹಳೆಯ ಸ್ವರವಲ್ಲ, ಕೆಳಗೆ ಇಳಿದಿದೆ, ಆದರೂ ಇರಲಿ ಎಂದನಂತೆ ಅವನು. ಅವರ ವೀಸಾ ಮಾಡಿಸಿದ ಮಾಲೀಕ, ಕ್ಲಿನಿಕ್ಕಿನ ಕಫೀಲ್ ಕೂಡ ಶುಕ್ರವಾರ ನಿನ್ನ ರಜೆ, ನಿನ್ನಿಷ್ಟ ಎಂದ.

ರಮದಾನ್ ಶುರುವಾದರೆ ಹಾಡು ನಿಲ್ಲುತ್ತದೆ. ಅಷ್ಟರೊಳಗೆ ಅವರಿಗೆ ಸಿಕ್ಕಿದ್ದು ಐದು ಶುಕ್ರವಾರ. ಐದನೆಯದಕ್ಕೆ ನಾವು ಹೋದೆವು. ನಾನು ಮದುವೆಯ ರೇಷ್ಮೆ ಸೀರೆ ಉಟ್ಟಿದ್ದೆ, ಮೇಜಿನ ಕೆಳಗೆ ಚಪ್ಪಲಿ ಅಡಗಿಸಿಕೊಂಡು ಕೂತಿದ್ದೆ. ಹೊರಗೆ ಮಳೆಯ ಮೋಡ, ಗಾಜಿನಾಚೆ ಬೂದು ಕಡಲು. ಜನ ತಟ್ಟೆ ತುಂಬಿಸಿಕೊಳ್ಳುತ್ತಿದ್ದರು, ಚಮಚದ ಸದ್ದು, ಮಕ್ಕಳ ಗಲಾಟೆ. ಹಿಲ್ಡಾಬಾಯಿ ಕೆಂಪು ಉದ್ದನೆಯ ಅಂಗಿ ಹಾಕಿದ್ದರು, ಕಿವಿಯಲ್ಲಿ ಅದೇ ಮುತ್ತು. ಒಬ್ಬ ಈಜಿಪ್ಟಿನವನು ಪಿಯಾನೋ ನುಡಿಸುತ್ತಿದ್ದ. ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಅವರಿಗೆ ಅದರ ಪರಿವೆ ಇರಲಿಲ್ಲ.

ಕೊನೆಯದಾಗಿ ಆ ಅರ್ಧ ಉಳಿದ ಹಾಡು. ಮೊದಲ ಸಾಲು ಹೇಳಿ ನಿಂತರು. ಪಿಯಾನೋದವನು ಆ ಬಿಡುವನ್ನು ತುಂಬಿದ. ಎರಡನೆಯ ಸಲ ಅದೇ ಸಾಲು ಹೇಳುವಾಗ ಅವನಿಗೆ ಕೈ ಅಡ್ಡ ಮಾಡಿದರು. ಅವನು ಬೆರಳು ಎತ್ತಿದ. ಸಾಲು ಮುಗಿಯಿತು. ಖಾಲಿ. ಅವರು ನನ್ನ ಕಡೆ ನೋಡಲಿಲ್ಲ, ಚಾವಣಿ ನೋಡುತ್ತ ಕಾಯುತ್ತಿದ್ದರು. ಎಷ್ಟು ಹೊತ್ತು ಎಂದು ಹೇಳಲಾರೆ. ಅತ್ತೆಯ ಗದ್ದೆಯಲ್ಲಿ ನಾನೂ ಮೂರು ವರ್ಷ ನೇಜಿ ನೆಟ್ಟವಳು, ಸಾಲಿನ ಕೊನೆಗೆ ನಿಂತು ತುಟಿ ಮಾತ್ರ ಆಡಿಸುತ್ತಿದ್ದವಳು.

"ಓ..." ಎಂದೆ.

ಪಕ್ಕದ ಮೇಜಿನವರು ತಿರುಗಿದರು. ನಿಮ್ಮ ಅಜ್ಜನ ಚಮಚ ಗಾಳಿಯಲ್ಲೇ ನಿಂತಿತು. ಹಿಲ್ಡಾಬಾಯಿ ತಲೆ ತಿರುಗಿಸದೆ ಮೂರನೆಯ ಸಾಲನ್ನು ಎತ್ತಿಕೊಂಡರು.

ರಮದಾನ್ ಹಬ್ಬದ ನಂತರ ಆ ಹೋಟೆಲಿಗೆ ಫಿಲಿಪೀನ್ಸಿನ ಬ್ಯಾಂಡು ಬಂತು. ಹಿಲ್ಡಾಬಾಯಿ ಇನ್ನೆರಡು ವರ್ಷ ಚಾದರ ಎಣಿಸಿ, ವಸಾಯಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಹೋಗುವಾಗ ಕ್ಯಾಸೆಟ್ಟನ್ನು ನನ್ನ ಕೈಯಲ್ಲಿಟ್ಟು, "ಇದು ಈಗ ನಿಮ್ಮ ಮನೆಯದ್ದು" ಎಂದರು. ಮೂಲೆಯ ಕಾಗದದ ಉಂಡೆಗಳನ್ನು ತಾವೇ ಹೇರ್‌ಪಿನ್ನಿನಿಂದ ತೆಗೆದಿದ್ದರು. ಕೆಲವು ಕ್ರಿಸ್ಮಸ್ಸಿಗೆ ಅವರ ಕಾರ್ಡು ಬಂತು, ಆಮೇಲೆ ಅವರು ತೀರಿಕೊಂಡರೆಂದು ತಂಗಿಯ ಕಾರ್ಡು. ಅತ್ತೆಯೂ ಹೋದರು, ನಿಮ್ಮ ಅಜ್ಜನೂ ಹೋದರು. ಊರಿನಲ್ಲಿ ಕೆಲವರು ಇವತ್ತಿಗೂ ಸುಮತಿ ಅರಬಿಯಲ್ಲಿ ಹಾಡಿದ್ದಳು ಎನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ.

ನಿಹಾಲ್, ನೀನು ಕೇಳಿದ್ದಕ್ಕೆ ಉತ್ತರ ಇದು. ಕ್ಯಾಸೆಟ್ಟಿನಲ್ಲಿ ಹಾಡಿದ್ದು ನಾನಲ್ಲ, ಹಿಲ್ಡಾಬಾಯಿ. ನಾನು ಹಾಡಿದ್ದು ಒಂದೇ ಒಂದು "ಓ", ಆ ಐದನೆಯ ಶುಕ್ರವಾರ. ಅದು ಯಾವ ಟೇಪಿನಲ್ಲೂ ಇಲ್ಲ. ಅದಕ್ಕೇ ಬರೆದೆ.

ನಿಮ್ಮ ಅಜ್ಜಿ,
ಸುಮತಿ